ಪುಟ ತೆರೆಯುತ್ತಿಲ್ಲ ಅಂದರೆ ಅದು ರೇಂಜೋ, ತಡೆಯೋ?

ಕೊಡಗಿನಲ್ಲಿ ಮೊಬೈಲಿನಲ್ಲಿ ಒಂದು ಪುಟ ತೆರೆಯದಿದ್ದರೆ ಎಲ್ಲರೂ ಮೊದಲು ಹೇಳುವ ಮಾತು "ರೇಂಜ್ ಇಲ್ಲ". ಬಹಳ ಸಲ ಅದು ನಿಜವೇ. ಗಾಳಿಬೀಡು, ಬಿರುನಾಣಿ, ಭಾಗಮಂಡಲದ ಆಚೆಯ ಊರುಗಳಲ್ಲಿ ಮನೆಯೊಳಗೆ ಎರಡು ಕಡ್ಡಿ ಸಿಗ್ನಲ್ ಬಂದರೆ ಅದೇ ದೊಡ್ಡದು. ಆದರೆ ಪುಟ ತೆರೆಯದಿರುವುದಕ್ಕೆ ಬೇರೆ ಕಾರಣಗಳೂ ಇವೆ. ಸರ್ಕಾರ ಅದನ್ನು ತಡೆದಿರಬಹುದು. ನೋಟಿಸ್ ಬಂದ ಮೇಲೆ ಕಂಪನಿಯೇ ತೆಗೆದಿರಬಹುದು. ಎಲ್ಲೋ ಗಲಾಟೆಯಾಗಿ ಆ ಜಿಲ್ಲೆಗೆ ಇಂಟರ್ನೆಟ್ಟೇ ಬಂದ್ ಆಗಿರಬಹುದು. ಮೊಬೈಲ್ ಹಿಡಿದು ನಿಂತವರಿಗೆ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತದೆ. ಚಕ್ರ ಸುತ್ತುತ್ತದೆ, ಏನೂ ಬರುವುದಿಲ್ಲ.

66ಎ, 69ಎ, 79, ಸಹಯೋಗ್, 1930 ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಯಾವುದು ಯಾವುದಕ್ಕೆ ಅನ್ನುವುದು ಈಗ ವಕೀಲರಿಗೂ ಗೊಂದಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದು 1998ರಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದದ್ದು 2000ದ ಅಕ್ಟೋಬರ್‌ನಲ್ಲಿ. ಆ ಕಾಯ್ದೆ ಬರೆಯುವಾಗ ತಲೆಯಲ್ಲಿದ್ದದ್ದು ಮುಖ್ಯವಾಗಿ ವ್ಯಾಪಾರ, ಡಿಜಿಟಲ್ ಸಹಿ. ಸಾಮಾನ್ಯ ಜನ ಇಂಟರ್ನೆಟ್ಟಿನಲ್ಲಿ ಮಾತಾಡುತ್ತಾರೆ, ಜಗಳವಾಡುತ್ತಾರೆ, ಮೋಸ ಹೋಗುತ್ತಾರೆ ಅನ್ನುವುದು ಆಮೇಲಿನ ಕಥೆ.

ಆ ಕಥೆ ನಿಜವಾಗಿ ಶುರುವಾಗುವುದು 2008ರ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 2009ರ ಅಕ್ಟೋಬರ್ 27ರಂದು. ಈಗಿನ ಸಿಕ್ಕೆಲ್ಲ ಇರುವುದು ಅದರ ಮೂರು ಸೆಕ್ಷನ್‌ಗಳಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೊದಲನೆಯದು 66ಎ. ಕಿರಿಕಿರಿ ಆಗುವಂತೆ, ತೀರಾ ಮನಸ್ಸು ನೋಯಿಸುವಂತೆ ಬರೆದರೆ ಮೂರು ವರ್ಷದವರೆಗೆ ಜೈಲು. ಯಾರಿಗೆ ಕಿರಿಕಿರಿ, ಎಷ್ಟು ಕಿರಿಕಿರಿ ಅಂತ ಅಳೆಯುವುದಕ್ಕೆ ಏನೂ ಇರಲಿಲ್ಲ. ಎರಡನೆಯದು 69ಎ. ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕೆಲವು ಕಾರಣಗಳಿಗೆ ಕೇಂದ್ರ ಸರ್ಕಾರ ಒಂದು ಪುಟವನ್ನು ಜನರಿಗೆ ಸಿಗದಂತೆ ತಡೆಯಬಹುದು. ಮೂರನೆಯದು 79. ಜನ ಹಾಕಿದ್ದಕ್ಕೆ ಫೇಸ್‌ಬುಕ್, ಯೂಟ್ಯೂಬ್‌ನಂಥ ಕಂಪನಿ ಹೊಣೆಯಲ್ಲ, ಆದರೆ ತೆಗೆಯಿರಿ ಎಂದು ತಿಳಿಸಿದ ಮೇಲೂ ಇಟ್ಟುಕೊಂಡರೆ ಆ ರಕ್ಷಣೆ ಹೋಗುತ್ತದೆ.

ಈ ಅಧಿಕಾರ ದೊಡ್ಡ ಮಟ್ಟದಲ್ಲಿ ಬಳಕೆಯಾದದ್ದನ್ನು ನಮ್ಮ ರಾಜ್ಯ ಕಂಡದ್ದು 2012ರ ಆಗಸ್ಟ್‌ನಲ್ಲಿ. ಅಸ್ಸಾಂನಲ್ಲಿ ಗಲಭೆಯಾಗಿತ್ತು. ಈಶಾನ್ಯದವರ ಮೇಲೆ ಇಲ್ಲೂ ದಾಳಿ ಆಗುತ್ತದೆ ಅಂತ ಎಸ್ಸೆಮ್ಮೆಸ್ ಹರಿದಾಡಿದವು. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಚೀಲ ಹಿಡಿದು ಊರಿಗೆ ಹೊರಟರು. ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸಬಾರದು ಅಂತ 15 ದಿನದ ಮಿತಿ ಹಾಕಿತು. ನಾಲ್ಕು ದಿನದೊಳಗೆ 300ಕ್ಕೂ ಹೆಚ್ಚು ಪುಟ, ವಿಡಿಯೋ, ಖಾತೆಗಳನ್ನು ತಡೆಯಲು ಆದೇಶಗಳು ಹೋದವು. ಆ ಭಯ ನಿಜವಾಗಿತ್ತು, ಏನಾದರೂ ಮಾಡಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟಿ ಹೊರಗೆ ಬಂದಾಗ ಗೊತ್ತಾದದ್ದು ಏನೆಂದರೆ, ವದಂತಿ ಸುಳ್ಳು ಅಂತ ಸಾಕ್ಷಿ ಸಮೇತ ಬರೆದಿದ್ದ ಕೆಲವು ಪುಟಗಳೂ ಅದರಲ್ಲಿದ್ದವು! ಅವಸರದಲ್ಲಿ ತಡೆಯುವಾಗ ಹೀಗಾಗುತ್ತದೆ. ಪಟ್ಟಿ ಹೊರಗೆ ಬಾರದೇ ಇದ್ದಿದ್ದರೆ ಅದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಇವತ್ತು ಸಿದ್ದಾಪುರ, ಸುಂಟಿಕೊಪ್ಪ ಕಡೆಯ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳಿವೆ. ಅಂಥ ವದಂತಿ ಮತ್ತೆ ಬಂದರೆ ಅವರಿಗೆ ಮೊದಲು ಬೇಕಾಗುವುದು "ಇದು ಸುಳ್ಳು" ಅನ್ನುವ ಅದೇ ಪುಟ.

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 66ಎ ರದ್ದಾಯಿತು. ಎಲ್ಲರೂ ಅದನ್ನು ನೆನಪಿಟ್ಟುಕೊಂಡಿದ್ದಾರೆ. ಆದರೆ ಅದೇ ತೀರ್ಪಿನಲ್ಲಿ 69ಎ ಉಳಿಯಿತು. ಯಾಕೆ ಉಳಿಯಿತು ಅಂದರೆ, ತಡೆಯುವ ಮುಂಚೆ ಸಮಿತಿ ನೋಡುತ್ತದೆ, ಕಾರಣ ಬರವಣಿಗೆಯಲ್ಲಿ ಇರುತ್ತದೆ, ಒಪ್ಪದವರು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಅಂತ. ಓದಿದರೆ ಸರಿಯೇ ಅನಿಸುತ್ತದೆ. ತೊಡಕಿರುವುದು 69ಎ ಜಾರಿಗೆ ಅಂತ ಮಾಡಿದ 2009ರ ನಿಯಮಗಳ 16ನೇ ನಿಯಮದಲ್ಲಿ. ದೂರು, ಅದರ ಮೇಲಿನ ಕ್ರಮ ಎಲ್ಲವನ್ನೂ ಗುಟ್ಟಾಗಿ ಇಡಬೇಕು ಅಂತ ಅದು ಹೇಳುತ್ತದೆ. ಆದೇಶದ ಪ್ರತಿಯೇ ಕೈಗೆ ಸಿಗದವರು ಯಾವುದನ್ನು ತೋರಿಸಿ ಪ್ರಶ್ನಿಸಬೇಕು? ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ತಡೆಯುವ ಅಧಿಕಾರ ಇರಬೇಕೋ ಬೇಡವೋ ಅನ್ನುವುದಕ್ಕಿಂತ, ತಡೆದಾಗ ತಡೆದಿದ್ದೇವೆ ಅಂತ ಹೇಳಬೇಕೋ ಬೇಡವೋ ಅನ್ನುವ ಪ್ರಶ್ನೆ ದೊಡ್ಡದು.

ತಡೆಯುವ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನೂ ತಿಳಿದುಕೊಳ್ಳಬೇಕು. ಆದೇಶ ಹೋಗುವುದು ಇಂಟರ್ನೆಟ್ ಕೊಡುವ ಕಂಪನಿಗಳಿಗೆ. ಜಾರಿ ಮಾಡುವ ರೀತಿ ಒಬ್ಬೊಬ್ಬರದು ಒಂದೊಂದು. ಸೈಟಿನ ಹೆಸರು ಕೇಳಿದಾಗ ಅದರ ನಂಬರ್ ಕೊಡುವ ಡಿಎನ್‌ಎಸ್ ಅನ್ನುವ ವ್ಯವಸ್ಥೆ ಇದೆ. ಒಂದು ಕಂಪನಿ ಅಲ್ಲಿ ತಪ್ಪು ಉತ್ತರ ಕೊಡುತ್ತದೆ. ಇನ್ನೊಂದು, ಸಂಪರ್ಕ ಶುರುವಾಗುವಾಗ ಸೈಟಿನ ಹೆಸರನ್ನು ನೋಡಿ ಅಲ್ಲೇ ಕತ್ತರಿಸುತ್ತದೆ. ಆದ್ದರಿಂದಲೇ ಒಂದು ಸಿಮ್ಮಿನಲ್ಲಿ ಬಾರದ ಪುಟ ಇನ್ನೊಂದರಲ್ಲಿ ಬರುತ್ತದೆ. ನಮ್ಮಲ್ಲಿ ಬಹಳ ಜನ ಎರಡು ಸಿಮ್ ಇಟ್ಟುಕೊಂಡಿರುವುದು ಮನೆಯಲ್ಲಿ ಒಂದರ ರೇಂಜ್, ತೋಟದಲ್ಲಿ ಇನ್ನೊಂದರದ್ದು ಸಿಗುತ್ತದೆ ಅಂತ. ಹಾಗಾಗಿ ಎರಡನೇ ಸಿಮ್ಮಿನಲ್ಲಿ ಪುಟ ಬಂದರೆ "ಓ, ಆ ಟವರ್ ಸರಿಯಿಲ್ಲ" ಅಂತ ಸುಮ್ನೆ ಮುಂದೆ ಹೋಗುತ್ತೇವೆ. "ಈ ಪುಟವನ್ನು ಆದೇಶದ ಮೇರೆಗೆ ತಡೆಯಲಾಗಿದೆ" ಅನ್ನುವ ಸೂಚನೆ ಹಿಂದೆ ಕೆಲವೊಮ್ಮೆ ಕಾಣುತ್ತಿತ್ತು. ಈಗ ಸೈಟುಗಳೆಲ್ಲ ಎಚ್‌ಟಿಟಿಪಿಎಸ್‌ಗೆ, ಅಂದರೆ ನಡುವೆ ಯಾರೂ ಪುಟ ಬದಲಾಯಿಸಲಾಗದ ಗೂಢ ಸಂಪರ್ಕಕ್ಕೆ, ಹೋದ ಮೇಲೆ ಬಹುತೇಕ ಅದೂ ಕಾಣುವುದಿಲ್ಲ.

ಇನ್ನು ರೇಂಜಿನ ಕಥೆ. 2011ರ ಜನಗಣತಿ ಪ್ರಕಾರ ಕೊಡಗಿನಲ್ಲಿ 5.54 ಲಕ್ಷ ಜನ, ಜಾಗ 4,102 ಚದರ ಕಿಲೋಮೀಟರ್. ಅಂದರೆ ಒಂದು ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಸರಾಸರಿ 319. ಟವರ್ ಹಾಕುವವರು ನೋಡುವುದು ಈ ಲೆಕ್ಕವನ್ನೇ. ಜೊತೆಗೆ ಬೆಟ್ಟ ಅಡ್ಡ ಬರುತ್ತದೆ, ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜುಲೈ-ಆಗಸ್ಟ್‌ನ ಕಕ್ಕಡದ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆ ಮಾತ್ರ. ಡೀಸೆಲ್ ಹಾಕುವವರು ಬರಬೇಕು, ರಸ್ತೆಯೂ ಇರಬೇಕು.

ಇಂಥ ಊರುಗಳಿಗೆ ಅಂತಲೇ ಒಂದು ನಿಧಿ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಟೆಲಿಕಾಂ ಕಂಪನಿಗಳ ಆದಾಯದಲ್ಲಿ 5% ಅದಕ್ಕೆ ಹೋಗುತ್ತದೆ. ಅಂದರೆ ನಮ್ಮ ರೀಚಾರ್ಜಿನ ದುಡ್ಡೇ. ಅದರಿಂದ ಎಲ್ಲ ಪಂಚಾಯಿತಿಗಳಿಗೂ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಅದರ ಹೆಸರು ಭಾರತ್‌ನೆಟ್. ಆದರೆ ಕೊಡಗಿನ ಊರು ಅಂದರೆ ಒಂದು ಬೀದಿ, ಎರಡು ಸಾಲು ಮನೆ ಅಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ನಡುವೆ ತೋಟ, ಗದ್ದೆ, ಕೆಲವೊಮ್ಮೆ ಹೊಳೆ. ಫೈಬರ್ ಪಂಚಾಯಿತಿ ಕಟ್ಟಡ ಮುಟ್ಟಿದರೂ ಅಲ್ಲಿಂದ ಆಚೆಗೆ ಎಳೆಯುವ ಖರ್ಚು ಯಾರದು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಅಗ್ಗವಾದದ್ದು ಟವರ್ ಇದ್ದ ಕಡೆ. 2022ರ ಜುಲೈನಲ್ಲಿ 4ಜಿ ಇಲ್ಲದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ ಸಂಪರ್ಕ ಕೊಡಲು 26,316 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ ಒಪ್ಪಿತು. ಇಂಟರ್ನೆಟ್ ಬಂದು 27 ವರ್ಷವಾದ ಮೇಲೂ ದೇಶದಲ್ಲಿ ಅಷ್ಟು ಊರುಗಳು ಹೊರಗಿದ್ದವು ಅನ್ನುವುದು ಆ ಸಂಖ್ಯೆಯಲ್ಲೇ ಇದೆ ಅಲ್ವಾ? ಕೋವಿಡ್ ಸಮಯದಲ್ಲಿ ಶನಿವಾರಸಂತೆ ಕಡೆಯ ಮುಳ್ಳೂರಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಪಾಠ ಮಾಡಿದರು. ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಆದರೆ ಮರ ಹತ್ತುವ ಪರಿಸ್ಥಿತಿ ಯಾಕೆ ಬಂತು ಅನ್ನುವ ಚರ್ಚೆ ಅಷ್ಟು ಜೋರಾಗಿ ಆಗಲಿಲ್ಲ.

ಇರುವ ಸಂಪರ್ಕವನ್ನೇ ಕಡಿಯುವುದು ಇನ್ನೊಂದು ದಾರಿ. ಮೊದಲು ಇದನ್ನು ನಿಷೇಧಾಜ್ಞೆಯ ಸೆಕ್ಷನ್ 144ರ ಅಡಿಯಲ್ಲಿ ಮಾಡುತ್ತಿದ್ದರು. 2017ರಲ್ಲಿ ಅದಕ್ಕೇ ಬೇರೆ ನಿಯಮ ಬಂತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ಗೋಲಿಬಾರ್ ಆದ ಮೇಲೆ ದಕ್ಷಿಣ ಕನ್ನಡದಲ್ಲಿ 48 ಗಂಟೆ ಮೊಬೈಲ್ ಇಂಟರ್ನೆಟ್ ಬಂದ್ ಆಯಿತು. ಸಂಪಾಜೆ ಇಳಿದರೆ ಸುಳ್ಯ, ಅದು ಆ ಜಿಲ್ಲೆಯೇ. ಕೊಡಗಿನವರಿಗೆ ದೊಡ್ಡ ಆಸ್ಪತ್ರೆ ಅಂದರೆ ಒಂದೋ ಮೈಸೂರು, ಇಲ್ಲ ಮಂಗಳೂರು. ಅಲ್ಲಿ ರೋಗಿ ಜೊತೆ ಇರುವವರಿಗೆ ವಾಟ್ಸಾಪ್ ಇಲ್ಲ, ದುಡ್ಡು ಕಳಿಸಲು ಆಗುವುದಿಲ್ಲ ಅಂದರೆ ಗಲಾಟೆಗೂ ಅವರಿಗೂ ಏನು ಸಂಬಂಧ? ಮೂರು ವಾರದ ನಂತರ, 2020ರ ಜನವರಿ 10ರಂದು, ಕಾಶ್ಮೀರದ ಇಂಟರ್ನೆಟ್ ಬಂದ್ ಕುರಿತ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಲೆಕ್ಕವಿಲ್ಲದಷ್ಟು ಕಾಲ ಬಂದ್ ಮಾಡುವ ಹಾಗಿಲ್ಲ ಎಂದಿತು. ಇಲ್ಲಾದರೂ ಹೇಳಬೇಕು ಅನ್ನುವ ಮಾತು ಬಂತು. ಪುಟ ತಡೆಯುವ 69ಎ ಆದೇಶಗಳಿಗೆ ಆ ಮಾತು ಇನ್ನೂ ಬಂದಿಲ್ಲ. ಅದೇ ವರ್ಷ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ತಡೆದದ್ದೂ 69ಎ ಬಳಸಿಯೇ.

ಇದೆಲ್ಲದಕ್ಕೂ ಕೊಡುವ ಕಾರಣ ಬಳಕೆದಾರರ ಸುರಕ್ಷತೆ. ಆ ಕಾರಣ ಸುಳ್ಳಲ್ಲ. 2024ರಲ್ಲಿ ದೇಶದಲ್ಲಿ ಸೈಬರ್ ವಂಚನೆಯಿಂದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿ ನಿವೃತ್ತರ ಉಳಿತಾಯ ದೋಚುತ್ತಾರೆ. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. ವಾಟ್ಸಾಪಿನಲ್ಲಿ ಚಲನ್ ಅಂತ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್ ಕಳಿಸಿ ಮೊಬೈಲನ್ನೇ ವಶಕ್ಕೆ ತೆಗೆದುಕೊಳ್ಳುತ್ತಾರೆ. ಇಲ್ಲದ ಹೋಂಸ್ಟೇ ಹೆಸರಿನಲ್ಲಿ ಮುಂಗಡ ಕೇಳುತ್ತಾರೆ. ಇದಕ್ಕೆ ಬೇಕಾದದ್ದು ಪುಟ ತಡೆಯುವುದಕ್ಕಿಂತ ಬೇರೆ ಕೆಲಸ. 2021ರಿಂದ ಸಹಾಯವಾಣಿಯ ಒಂದು ಒಳ್ಳೆಯ ವ್ಯವಸ್ಥೆ ಇದೆ. ಈಗ ಅದರ ನಂಬರ್ 1930. ಬೇಗ ಕರೆ ಮಾಡಿದರೆ ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ಬ್ಯಾಂಕುಗಳು ತಡೆಹಿಡಿಯಬಹುದು. ಮೊದಲ ಒಂದೆರಡು ಗಂಟೆಯೇ ಮುಖ್ಯ. ಆ ಗಂಟೆಗಳಲ್ಲಿ ರೇಂಜ್ ಹುಡುಕಿಕೊಂಡು ರಸ್ತೆವರೆಗೆ ನಡೆಯಬೇಕಾದವರಿಗೆ ಸುರಕ್ಷತೆ ಅಂದರೆ ಮೊದಲು ಟವರ್. ಪ್ರತಿ ಜಿಲ್ಲೆಯಲ್ಲೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ, ನಮ್ಮದು ಮಡಿಕೇರಿಯಲ್ಲಿ. ಕುಟ್ಟದಿಂದ ಅಲ್ಲಿಗೆ ಬಂದು ಹೋಗುವುದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದನ್ನು ಬೇಡ ಎನ್ನುವ ಹಾಗಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಅಂತ ಬಂದ 2021ರ ಫೆಬ್ರವರಿಯ ನಿಯಮಗಳಲ್ಲಿ ಜನರಿಗೆ ಉಪಯೋಗವಾಗುವ ಒಂದು ವಿಷಯ ಇತ್ತು. ಯಾರದಾದರೂ ಖಾಸಗಿ ಚಿತ್ರ ಹಾಕಿದ್ದಾರೆ ಅಂತ ಅವರೇ ಅಥವಾ ಅವರ ಪರವಾಗಿ ಯಾರಾದರೂ ದೂರು ಕೊಟ್ಟರೆ ಕಂಪನಿ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕು. ಆಗ ಗಡುವು 24 ಗಂಟೆ ಇತ್ತು, 2026ರ ಫೆಬ್ರವರಿಯಿಂದ 2 ಗಂಟೆ. ಪೊಲೀಸ್, ಕೋರ್ಟು ಏನೂ ಬೇಡ. ಇದು ಹುಡುಗಿಯರಿಗೆ, ಅವರ ತಂದೆತಾಯಿಗೆ ಗೊತ್ತಿರಬೇಕು. ಶಾಲೆ, ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕಬೇಕಾದ ಮಾತು ಇದು.

ಈಚಿನ ಗಂಟು 79ರದ್ದು. 2024ರ ಅಕ್ಟೋಬರ್‌ನಲ್ಲಿ ಸಹಯೋಗ್ ಅನ್ನುವ ಪೋರ್ಟಲ್ ಬಂತು. 69ಎ ಸಮಿತಿಯ ದಾರಿ ಬಿಟ್ಟು, 79ನ್ನು ಹಿಡಿದು, ಬೇರೆ ಬೇರೆ ಇಲಾಖೆ, ರಾಜ್ಯಗಳ ಅಧಿಕಾರಿಗಳೂ ಅದರ ಮೂಲಕ ತೆಗೆಯಿರಿ ಅಂತ ಕಂಪನಿಗಳಿಗೆ ಬರೆಯಬಹುದು. ಎಕ್ಸ್ (ಮೊದಲಿನ ಟ್ವಿಟರ್) ಕಂಪನಿ ಇದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರ್ 24ರಂದು ಆ ಅರ್ಜಿ ವಜಾ ಆಯಿತು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ ನಿಯಮ ಸ್ವಲ್ಪ ಬಿಗಿ ಮಾಡಿತು. ನವೆಂಬರ್ 15ರಿಂದ ಜಂಟಿ ಕಾರ್ಯದರ್ಶಿ ಅಥವಾ ಡಿಐಜಿ ಮಟ್ಟದ ಅಧಿಕಾರಿಯೇ ಬರೆಯಬೇಕು, ಕಾರಣ ಹೇಳಬೇಕು, ತಿಂಗಳಿಗೊಮ್ಮೆ ಮೇಲಿನವರು ಪರಿಶೀಲಿಸಬೇಕು. ಇದು ಒಳ್ಳೆಯ ಬದಲಾವಣೆ. ಆದರೆ ಆ ಕಾರಣ ತಲುಪುವುದು ಕಂಪನಿಗೆ. ಬರೆದವರಿಗೆ, ಓದುವವರಿಗೆ ತಿಳಿಸಲೇಬೇಕು ಅಂತ ಅದರಲ್ಲಿ ಇಲ್ಲ.

ಈಗ ನಮ್ಮ ಕೈಯಲ್ಲಿರುವುದು ಇಷ್ಟು. ಪುಟ ಬಾರದಿದ್ದರೆ ಇನ್ನೊಂದು ಸಿಮ್ಮಿನಲ್ಲಿ, ಆಮೇಲೆ ಯಾರದಾದರೂ ಮನೆಯ ವೈಫೈನಲ್ಲಿ ನೋಡಿ. ಬೇರೆಲ್ಲ ಪುಟ ಬಂದು ಅದೊಂದೇ ಬಾರದಿದ್ದರೆ ಅದು ರೇಂಜ್ ಅಲ್ಲದಿರಬಹುದು. ನೀವು ಹಾಕಿದ್ದನ್ನು ಕಂಪನಿ ತೆಗೆದಿದ್ದರೆ ಅದರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹಾಕಬಹುದು. ಅದು 2023ರಿಂದ ಇದೆ. ಆ ಸಮಿತಿ ನೋಡುವುದು ಕಂಪನಿಯ ತೀರ್ಮಾನವನ್ನು ಮಾತ್ರ. ಸರ್ಕಾರದ ಆದೇಶವೇ ಆಗಿದ್ದರೆ ಉಳಿಯುವುದು ಹೈಕೋರ್ಟ್, ಮಡಿಕೇರಿಯಿಂದ ಸುಮಾರು 250 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಅದೂ ಆದೇಶ ಇದೆ ಅಂತ ಹೇಗಾದರೂ ಗೊತ್ತಾದರೆ.