ಈಜುಕೊಳ ಕೌನ್ಸಿಲ್ಲಿನದು, ನಡೆಸುವವರು ಬೇರೆ

ಇಂಗ್ಲೆಂಡಿನ ಹಲವು ಊರುಗಳಲ್ಲಿ ಸಾರ್ವಜನಿಕ ಈಜುಕೊಳದ ಹೊರಗೋಡೆಯ ಮೇಲೆ ಕೌನ್ಸಿಲ್ಲಿನ, ಅಂದರೆ ಊರಿನ ಸ್ಥಳೀಯಾಡಳಿತ ಸಂಸ್ಥೆಯ, ಲಾಂಛನವಿದ್ದರೆ, ಒಳಗೆ ಕೌಂಟರಿನಲ್ಲಿ ಕುಳಿತವರ ಟೀ-ಶರ್ಟಿನ ಮೇಲೆ ಬೇರೊಂದು ಸಂಸ್ಥೆಯ ಹೆಸರಿರುತ್ತದೆ. ಕಟ್ಟಡ ಕೌನ್ಸಿಲ್ಲಿನದು, ನಡೆಸುವವರು ಟೆಂಡರ್ ಗೆದ್ದವರು. ಗುತ್ತಿಗೆಯ ಅವಧಿ ಮುಗಿದು ಹೊಸ ಟೆಂಡರ್ ಕರೆದಾಗಲೆಲ್ಲ ಖಾಸಗೀಕರಣದ ಕೂಗೆದ್ದು, ಸರ್ಕಾರಿಯೋ ಖಾಸಗಿಯೋ ಎಂಬ ಚರ್ಚೆ ಕಾವೇರುತ್ತದೆ. ಆದರೆ ಈ ವ್ಯವಸ್ಥೆ ನಡೆದುಬಂದ ದಾರಿಯನ್ನು ನೋಡಿದರೆ, ಆ ಚರ್ಚೆಗಿಂತ ತೆರಿಗೆ ಕಾನೂನಿನ ಉಪವಿಧಿಗಳೇ ಇದನ್ನು ಹೆಚ್ಚು ರೂಪಿಸಿವೆ ಎನ್ನಬೇಕಾಗುತ್ತದೆ.

ಇದರ ಮೂಲ ಇರುವುದು ಆಟದಲ್ಲಲ್ಲ, ಬಟ್ಟೆ ಒಗೆಯುವುದರಲ್ಲಿ. 1832ರಲ್ಲಿ ಲಿವರ್‌ಪೂಲ್‌ನಲ್ಲಿ ಕಾಲರಾ ಹರಡಿದಾಗ ಕಿಟ್ಟಿ ವಿಲ್ಕಿನ್ಸನ್ ಎಂಬ ಬಡ ಮಹಿಳೆ ತನ್ನ ಮನೆಯ ಬಾಯ್ಲರಿನಲ್ಲಿ, ಅಂದರೆ ನಮ್ಮ ಬಚ್ಚಲ ಹಂಡೆಯಂಥದ್ದರಲ್ಲಿ, ನೀರು ಕಾಯಿಸಿ ನೆರೆಹೊರೆಯವರಿಗೆ ಬಟ್ಟೆ, ಹಾಸಿಗೆ ಒಗೆದುಕೊಳ್ಳಲು ಅವಕಾಶ ಕೊಟ್ಟಳು. ವಾರಕ್ಕೆ ಒಂದು ಪೆನ್ನಿ. ಹತ್ತು ವರ್ಷಗಳ ನಂತರ ಅದೇ ಊರಿನ ಫ್ರೆಡರಿಕ್ ಸ್ಟ್ರೀಟಿನಲ್ಲಿ ಸಾರ್ವಜನಿಕ ಸ್ನಾನಗೃಹವೂ ಬಟ್ಟೆ ಒಗೆಯುವ ಮನೆಯೂ ತೆರೆದವು. 1846ರ ಕಾಯ್ದೆ ಇಂಥವನ್ನು ಸ್ಥಳೀಯ ತೆರಿಗೆಯ ಹಣದಲ್ಲಿ ಕಟ್ಟಲು ಅನುಮತಿ ನೀಡಿತು. ಕಟ್ಟಬಹುದು ಎಂದಿತೇ ಹೊರತು ಕಟ್ಟಲೇಬೇಕು ಎನ್ನಲಿಲ್ಲ. ಕ್ರೀಡಾ ಸೌಲಭ್ಯಗಳ ಬಗ್ಗೆ 1976ರ ಕಾಯ್ದೆಯ 19ನೇ ಸೆಕ್ಷನ್ ಹೇಳುವುದೂ ಇಷ್ಟೇ. ಕೌನ್ಸಿಲ್ಲಿನ ಬೊಕ್ಕಸ ಬರಿದಾದಾಗ ಈಜುಕೊಳದ ಮೇಲೆ ಬೇಗ ಕಣ್ಣು ಬೀಳುವುದಕ್ಕೆ ಈ ‘ಬಹುದು’ ದೊಡ್ಡ ಕಾರಣ.

1960 ಮತ್ತು 70ರ ದಶಕಗಳಲ್ಲಿ ಕೌನ್ಸಿಲ್ಲುಗಳು ಒಂದರ ಹಿಂದೊಂದು ಲೀಷರ್ ಸೆಂಟರ್‌ಗಳನ್ನು, ಅಂದರೆ ಈಜು, ಆಟ, ವ್ಯಾಯಾಮದ ಕೇಂದ್ರಗಳನ್ನು ಕಟ್ಟಿ, ತಮ್ಮದೇ ನೌಕರರಿಂದ ನಡೆಸಿದವು. ಥ್ಯಾಚರ್ ಸರ್ಕಾರ 1988ರ ಸ್ಥಳೀಯಾಡಳಿತ ಕಾಯ್ದೆಯ ಮೂಲಕ ಕಸ ಸಂಗ್ರಹದಂಥ ಕೆಲಸಗಳಿಗೆ ಟೆಂಡರ್ ಕಡ್ಡಾಯ ಮಾಡಿತು. ಮರುವರ್ಷ ಕ್ರೀಡಾ ಕೇಂದ್ರಗಳ ನಿರ್ವಹಣೆಯನ್ನೂ ಆ ಪಟ್ಟಿಗೆ ಸೇರಿಸಿತು. ತಮಾಷೆಯೆಂದರೆ, ಮೊದಲ ಸುತ್ತಿನಲ್ಲಿ ಹೆಚ್ಚಿನ ಗುತ್ತಿಗೆಗಳನ್ನು ಗೆದ್ದದ್ದು ಕೌನ್ಸಿಲ್ಲುಗಳ ಸ್ವಂತ ತಂಡಗಳೇ. ಒಂದೇ ಕಚೇರಿಯಲ್ಲಿ ಕೆಲವರು ಕೆಲಸ ಮಾಡಿಸಿಕೊಳ್ಳುವವರು, ಕೆಲವರು ಗುತ್ತಿಗೆದಾರರು ಎಂದಾಯಿತು.

1993ರಲ್ಲಿ ಲಂಡನ್ನಿನ ಗ್ರೀನಿಚ್ ಬೇರೊಂದು ದಾರಿ ತೋರಿಸಿತು. ಅಲ್ಲಿನ ಲೀಷರ್ ಸೆಂಟರ್‌ಗಳು ಕೌನ್ಸಿಲ್ಲಿನಿಂದ ಹೊರಬಂದು, ನೌಕರರ ಪಾಲ್ಗೊಳ್ಳುವಿಕೆಯ ಲಾಭರಹಿತ ಸಂಸ್ಥೆಯೊಂದರ ಕೈಗೆ ಹೋದವು. ಇಂಥ ಟ್ರಸ್ಟ್‌ಗಳಿಗೆ ದತ್ತಿ ಸಂಸ್ಥೆಯೆಂಬ ನೆಲೆಯಲ್ಲಿ ಕಟ್ಟಡದ ಮೇಲಿನ ಬಿಸಿನೆಸ್ ರೇಟ್ಸ್ ಎಂಬ ತೆರಿಗೆಯಲ್ಲಿ ಶೇ. 80ರಷ್ಟು ವಿನಾಯಿತಿ ಸಿಗುತ್ತದೆ. 1994ರ ಆದೇಶವೊಂದರಿಂದ ಲಾಭರಹಿತ ಸಂಸ್ಥೆಗಳ ಕ್ರೀಡಾ ಸೇವೆಗೆ ವ್ಯಾಟ್ ವಿನಾಯಿತಿಯೂ ಬಂತು. ಆದರೆ ಕೌನ್ಸಿಲ್ಲುಗಳನ್ನು ಅದರಿಂದ ಹೊರಗಿಡಲಾಯಿತು. ಅದೇ ಕೊಳ, ಅದೇ ನೀರು, ಅದೇ ತರಬೇತುದಾರ. ನಡೆಸುವವರ ಹೆಸರು ಬದಲಾದರೆ ತೆರಿಗೆ ಉಳಿತಾಯ. ಖಾಸಗಿ ಕಂಪನಿಗಳೂ ಸುಮ್ಮನಿರದೆ ಲಾಭರಹಿತ ಅಂಗಸಂಸ್ಥೆಗಳನ್ನು ಹುಟ್ಟುಹಾಕಿದವು. 1999ರ ಕಾಯ್ದೆ ಕಡ್ಡಾಯ ಟೆಂಡರನ್ನು ತೆಗೆದುಹಾಕಿದರೂ ಟೆಂಡರ್‌ಗಳು ನಿಲ್ಲಲಿಲ್ಲ. ಈ ಉಳಿತಾಯದ ಆಸೆ ಅದಕ್ಕೊಂದು ಮುಖ್ಯ ಕಾರಣ.

ಗುತ್ತಿಗೆ ಪತ್ರದಲ್ಲಿ ನಿಜಕ್ಕೂ ಓದಬೇಕಾದದ್ದು ಸದಸ್ಯತ್ವ ಶುಲ್ಕದ ಪುಟವಲ್ಲ, ಗ್ಯಾಸಿನ ಬೆಲೆ ಏರಿದರೆ ಯಾರು ಭರಿಸಬೇಕು, ಬಾಯ್ಲರ್ ಕೆಟ್ಟರೆ, ಚಾವಣಿ ಸೋರಿದರೆ ಖರ್ಚು ಯಾರದು ಎಂಬ ಷರತ್ತುಗಳು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಎಲ್ಲ ಕೇಂದ್ರಗಳೂ ಮುಚ್ಚಿದಾಗ ಗುತ್ತಿಗೆದಾರರ ಆದಾಯ ನಿಂತುಹೋಯಿತು. ಸರ್ಕಾರ 10 ಕೋಟಿ ಪೌಂಡ್‌ಗಳ ನೆರವು ನಿಧಿ ತೆರೆಯಬೇಕಾಯಿತು. ಅದರ ಬೆನ್ನಿಗೇ ಗ್ಯಾಸಿನ ಬೆಲೆ ಏರಿ, 2023ರ ಬಜೆಟ್‌ನಲ್ಲಿ ಈಜುಕೊಳಗಳಿಗೆಂದೇ 6.3 ಕೋಟಿ ಪೌಂಡ್ ಘೋಷಿಸಲಾಯಿತು. ಕಿಟ್ಟಿಯ ಕಾಲದಲ್ಲಿ ಒಂದು ಪೆನ್ನಿಗೆ ಇತ್ಯರ್ಥವಾಗುತ್ತಿದ್ದ ಬಿಸಿನೀರಿನ ಲೆಕ್ಕ ಹೀಗೆ ರಾಷ್ಟ್ರದ ಬಜೆಟ್ಟಿಗೆ ಬಂದು ಮುಟ್ಟಿತು.

ಇಷ್ಟರಲ್ಲಿ ಉಪವಿಧಿಯೇ ತಿರುವುಮುರುವಾಗಿತ್ತು. ಕೌನ್ಸಿಲ್ಲುಗಳನ್ನು ಮಾತ್ರ ವ್ಯಾಟ್ ವಿನಾಯಿತಿಯಿಂದ ಹೊರಗಿಟ್ಟದ್ದು ಸರಿಯಲ್ಲವೆಂದು 2017ರಲ್ಲಿ ಲಂಡನ್ನಿನ ಈಲಿಂಗ್ ಕೌನ್ಸಿಲ್ಲಿನ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ ತೀರ್ಪು ನೀಡಿತು. ಬೇರೆ ಕೌನ್ಸಿಲ್ಲುಗಳು ಹೂಡಿದ ಮೊಕದ್ದಮೆಗಳ ಬಳಿಕ, ಕೌನ್ಸಿಲ್ಲು ನೀಡುವ ಕ್ರೀಡಾ ಸೇವೆ ವ್ಯಾಪಾರವೇ ಅಲ್ಲ, ಹಾಗಾಗಿ ಅದರ ಶುಲ್ಕಕ್ಕೆ ವ್ಯಾಟ್ ಇಲ್ಲವೆಂದು 2023ರ ಮಾರ್ಚ್‌ನಲ್ಲಿ ತೆರಿಗೆ ಇಲಾಖೆಯೂ ಒಪ್ಪಿಕೊಂಡಿತು. ಟ್ರಸ್ಟ್‌ಗಳು ತಮ್ಮ ಖರ್ಚಿನ ಮೇಲೆ ಕಟ್ಟಿದ ವ್ಯಾಟನ್ನು ಬಹುಮಟ್ಟಿಗೆ ಹಿಂಪಡೆಯಲಾರವು, ಕೌನ್ಸಿಲ್ಲು ಪಡೆಯಬಲ್ಲದು. ಹಾಗಾಗಿ ಕೆಲವು ಕೌನ್ಸಿಲ್ಲುಗಳು ಗುತ್ತಿಗೆದಾರರನ್ನು ಕೇವಲ ಏಜೆಂಟರನ್ನಾಗಿ ನೇಮಿಸತೊಡಗಿವೆ. ಅಂಥ ಕಡೆ ಕೌಂಟರಿನಲ್ಲಿ ಟಿಕೆಟ್ ಕೊಡುವವರ ಟೀ-ಶರ್ಟಿನ ಮೇಲೆ ಸಂಸ್ಥೆಯ ಹೆಸರೇ ಇದ್ದರೂ, ಆ ಟಿಕೆಟಿನ ಹಣ ಲೆಕ್ಕದಲ್ಲಿ ಕೌನ್ಸಿಲ್ಲಿನದು.