ಒಂಬತ್ತರಿಂದ ಶುರುವಾಗುವ ನಂಬರ್

ಮಾರ್ಚ್ ಬಂತೆಂದರೆ ನನ್ನ ಆಫೀಸಿಗೆ ತಪ್ಪದೆ ಬರುವ ಒಬ್ಬ ಗಿರಾಕಿ ಇದ್ದಾನೆ. ಟೈಲ್ಸ್ ಹಾಕುವ ಕೆಲಸ. ಮೆಕ್ಸಿಕೋದ ಒಹಾಕಾ ಕಡೆಯವನು, ಅಮೆರಿಕದಲ್ಲಿ ಇರಲು ಕಾನೂನಿನ ಕಾಗದ ಇಲ್ಲದವನು. ಕಂಕುಳಲ್ಲಿ ಒಂದು ಶೂ ಡಬ್ಬ. ಅದರಲ್ಲಿ ಟೈಲ್ಸ್ ಅಂಟು, ಕಟರ್ ಬ್ಲೇಡ್ ಕೊಂಡ ರಸೀದಿಗಳು, ಪೆಟ್ರೋಲ್ ಚೀಟಿಗಳು. ಅಡಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಇನ್ನೊಂದು ಕಟ್ಟು: 2003ರಿಂದ ಕಟ್ಟಿದ ಮನೆ ಬಾಡಿಗೆಯ ರಸೀದಿಗಳು. "ಇದು ಟ್ಯಾಕ್ಸ್‌ಗೆ ಬೇಕಾಗಲ್ಲಪ್ಪ, ಸುಮ್ನೆ ಯಾಕೆ ಹೊತ್ತು ತರ್ತೀಯ?" ಅಂತ ಒಮ್ಮೆ ಕೇಳಿದೆ. ಮುಂದೆ ಬೇಕಾಗಬಹುದು ಅಂದ. ಅವನ ಚಿಕ್ಕಪ್ಪನಿಗೆ ಇಂಥದೇ ರಸೀದಿಗಳಿಂದ ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಆಗಿ ಇರುವ ಹಕ್ಕು, ಸಿಕ್ಕಿತ್ತಂತೆ.

ಚಿಕ್ಕಪ್ಪನ ಕತೆ ಕಟ್ಟುಕತೆಯಲ್ಲ. 1986ರ ನವೆಂಬರ್‌ನಲ್ಲಿ ಆಗಿನ ಅಧ್ಯಕ್ಷ ರೊನಾಲ್ಡ್ ರೇಗನ್ ಒಂದು ಕಾನೂನಿಗೆ ಸಹಿ ಹಾಕಿದರು. 1982ರ ಜನವರಿ 1ಕ್ಕೆ ಮೊದಲೇ ಬಂದು ಕಾಗದವಿಲ್ಲದೆ ಇಲ್ಲೇ ಉಳಿದವರು ಅರ್ಜಿ ಹಾಕಬಹುದಿತ್ತು. ಹೊಲ-ತೋಟಗಳಲ್ಲಿ ದುಡಿದವರಿಗೆ ಬೇರೆ ದಾರಿ ಇತ್ತು. ಸುಮಾರು 27 ಲಕ್ಷ ಜನರಿಗೆ ಕಾಗದ ಸಿಕ್ಕಿತು. ಇದನ್ನು ಮಾಡಿದ್ದು ರಿಪಬ್ಲಿಕನ್ ಅಧ್ಯಕ್ಷ ಅಂದರೆ ಈಗ ಎರಡೂ ಪಕ್ಷದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ನಾನು ವಕೀಲನಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಜನರ ತೆರಿಗೆ ಲೆಕ್ಕ ಮಾಡಿಕೊಡುವವನು. ಗಿರಾಕಿಗಳಲ್ಲಿ ಅರ್ಧದಷ್ಟು ಜನ ನಮ್ಮ ಸಾಫ್ಟ್‌ವೇರ್‌ನವರು. ಉಳಿದವರಲ್ಲಿ ಹಲವರಿಗೆ ಕಾಗದ ಇಲ್ಲ. ಅಂಥವರೂ ಟ್ಯಾಕ್ಸ್ ಕಟ್ಟುತ್ತಾರಾ ಅಂತ ಕೇಳುವವರೇ ಜಾಸ್ತಿ. ಕಟ್ಟುತ್ತಾರೆ. ಸೋಶಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ ಯೋಜನೆ) ನಂಬರ್ ಸಿಗದವರಿಗಾಗಿ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, 1996ರಲ್ಲಿ ಐಟಿಐಎನ್ ಎಂಬ ನಂಬರ್ ತಂದಿತು. ಒಂಬತ್ತು ಅಂಕಿ, ಮೊದಲನೆಯದು ಯಾವಾಗಲೂ 9. ಗಂಡನ ಕೆಲಸದ ವೀಸಾ ಜೊತೆಗೆ ಸಿಗುವ ಎಚ್-4 ವೀಸಾದಲ್ಲಿ ಬಂದ ನಮ್ಮ ಹೆಣ್ಣುಮಕ್ಕಳಲ್ಲೂ ಎಷ್ಟೋ ಜನರ ಹತ್ತಿರ ಇದೇ ನಂಬರ್ ಇದೆ. ಇದರಿಂದ ಕೆಲಸ ಮಾಡುವ ಹಕ್ಕು ಸಿಗಲ್ಲ, ದೇಶದಲ್ಲಿ ಇರುವ ಹಕ್ಕೂ ಸಿಗಲ್ಲ. ತೆರಿಗೆ ಕಟ್ಟಬಹುದು, ಅಷ್ಟೇ.

ಲೆಕ್ಕ ಹೀಗಿರುತ್ತದೆ. ಖರ್ಚು ಕಳೆದು ವರ್ಷಕ್ಕೆ 40,000 ಡಾಲರ್ ಉಳಿಯಿತು ಅನ್ನಿ. ಸ್ವಂತ ಕೆಲಸದವನು ಸೋಶಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಬಾಬ್ತಿಗೇ ಸುಮಾರು 5,650 ಡಾಲರ್ ಕಟ್ಟಬೇಕು. ಆದಾಯ ತೆರಿಗೆ ಬೇರೆ. ಕಾಗದ ಸಿಗದಿದ್ದರೆ ಮುಪ್ಪಿನಲ್ಲಿ ಆ ಪಿಂಚಣಿ ಅವನಿಗೆ ಬರುವುದಿಲ್ಲ. ಅವನ ಕಿರಿಮಗಳು ಇಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ಆದರೂ 2025ರ ಲೆಕ್ಕದಿಂದ ಅವಳ ಹೆಸರಿನ ಮಕ್ಕಳ ತೆರಿಗೆ ರಿಯಾಯಿತಿ ನಿಂತುಹೋಗಿದೆ, ಯಾಕೆಂದರೆ ಅಪ್ಪ-ಅಮ್ಮ ಇಬ್ಬರಿಗೂ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲ. ತೆರಿಗೆ ನೀತಿಯ ಸಂಶೋಧನಾ ಸಂಸ್ಥೆಯೊಂದರ ಅಂದಾಜಿನಂತೆ 2022ರಲ್ಲಿ ಕಾಗದವಿಲ್ಲದವರೆಲ್ಲ ಸೇರಿ ಕಟ್ಟಿದ್ದು 9,670 ಕೋಟಿ ಡಾಲರ್. ಅದರಲ್ಲಿ 2,570 ಕೋಟಿ ಹೋಗಿದ್ದು ಸೋಶಿಯಲ್ ಸೆಕ್ಯೂರಿಟಿಗೆ. ಅಮೆರಿಕದ ಅಜ್ಜ-ಅಜ್ಜಿಯರ ಪಿಂಚಣಿಯಲ್ಲಿ ಈ ಟೈಲ್ಸ್‌ನವನ ಪಾಲೂ ಇದೆ.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಇದನ್ನು ಹೇಳಿದಾಗ ಪಕ್ಕದಲ್ಲಿದ್ದ ಗೆಳೆಯರು ಸಿಡುಕಿದರು. "ಏನ್ರೀ, ನಾವು ವೀಸಾ ತಗೊಂಡು ಬಂದು ಹದಿನಾಲ್ಕು ವರ್ಷದಿಂದ ಲೈನ್‌ನಲ್ಲಿ ನಿಂತಿದೀವಿ. ಬೇಲಿ ಹಾರಿ ಬಂದೋರಿಗೆ ಕಾರ್ಡ್ ಕೊಡ್ಬೇಕಾ?" ಅವರ ಸಿಟ್ಟು ತಪ್ಪಲ್ಲ. ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದೇ ದೇಶಕ್ಕೆ ಶೇ. 7ರ ಮಿತಿ. ನಮ್ಮವರ ಸಾಲು ಬೆಳೆದದ್ದು ಅದರಿಂದ, ಟೈಲ್ಸ್‌ನವನಿಂದ ಅಲ್ಲ. ಅವನಂಥ ಕೈಕೆಲಸದವರಿಗೆ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಹೆಚ್ಚೆಂದರೆ 10,000 ಕಾರ್ಡ್. ಅವನು ನಿಲ್ಲೋಣವೆಂದರೂ ನಿಲ್ಲಲು ಸಾಲೇ ಇಲ್ಲ.

ಇನ್ನೊಬ್ಬರು ಕುಂದಾಪುರ ಕಡೆಯ ಅಡುಗೆ ಭಟ್ಟರು. ವೀಸಾದ ಮೇಲೆ ವಿಮಾನದಲ್ಲೇ ಬಂದವರು. ಹೋಟೆಲ್ ಮಾಲೀಕ ವೀಸಾ ಮುಂದುವರಿಸಲಿಲ್ಲ, ಇವರು ಊರಿಗೆ ಹೋಗಲಿಲ್ಲ. ಇವತ್ತು ಇವರಿಗೂ ಟೈಲ್ಸ್‌ನವನಿಗೂ ಕಾಗದದ ಮಟ್ಟಿಗೆ ವ್ಯತ್ಯಾಸವಿಲ್ಲ. ಆದರೆ "ಮಗಳಿಗೆ ಇಪ್ಪತ್ತೊಂದು ಆಗ್ಲಿ ಅಂತ ಕಾಯುದು ಮಾರಾಯ್ರೆ" ಅಂತಾರೆ ಭಟ್ಟರು. ಪಾಸ್‌ಪೋರ್ಟ್‌ನಲ್ಲಿ ಪ್ರವೇಶದ ಮುದ್ರೆ ಇದೆಯಲ್ಲ, ಇಲ್ಲೇ ಹುಟ್ಟಿದ ಮಗಳು ಅರ್ಜಿ ಹಾಕಿದರೆ ಸಾಮಾನ್ಯವಾಗಿ ಇಲ್ಲಿದ್ದೇ ಗ್ರೀನ್ ಕಾರ್ಡ್ ಆಗುತ್ತದೆ. ಟೈಲ್ಸ್‌ನವನ ಹಿರಿಮಗನಿಗೆ ಇಪ್ಪತ್ತೊಂದು ಆಗಿಯೇ ಹೋಗಿದೆ. ಅವನೂ ಅಮೆರಿಕದ ಪ್ರಜೆಯೇ. ಪ್ರಯೋಜನವಿಲ್ಲ. ಅಪ್ಪನ ಹತ್ತಿರ ಮುದ್ರೆ ಇಲ್ಲ, ಮೆಕ್ಸಿಕೋಗೆ ಹೋಗಿಯೇ ವೀಸಾ ತರಬೇಕು. ಗಡಿ ದಾಟಿ ಆಚೆ ಕಾಲಿಟ್ಟರೆ 1996ರ ಕಾನೂನಿನಂತೆ ಹತ್ತು ವರ್ಷ ವಾಪಸ್ ಬರುವಂತಿಲ್ಲ. ವಿನಾಯಿತಿ ಕೇಳಲು ಗಂಡ, ಹೆಂಡತಿ ಅಥವಾ ಹೆತ್ತವರ ಕಷ್ಟ ತೋರಿಸಬೇಕು. ಮಕ್ಕಳ ಕಷ್ಟ ಲೆಕ್ಕಕ್ಕಿಲ್ಲ. ಹೊರಹೋದವನಿಗೆ ಶಿಕ್ಷೆ ಅಂದಮೇಲೆ ಯಾರು ಹೋಗುತ್ತಾರೆ ಹೇಳಿ?

1986ರಲ್ಲಿ ಕೊಟ್ಟಿದ್ದಕ್ಕೇ ಇಷ್ಟು ಜನ ಬಂದರು ಅನ್ನುವ ವಾದವೂ ಇದೆ. ಕಾಗದವಿಲ್ಲದವರು 1990ರಲ್ಲಿ ಸುಮಾರು 35 ಲಕ್ಷ ಇದ್ದವರು 2007ಕ್ಕೆ 1.22 ಕೋಟಿ ಆದದ್ದು ನಿಜ. ನನಗೆ ಕಾಣುವ ತಪ್ಪು ಬೇರೆ. ಇದ್ದವರಿಗೆ ಕಾಗದ ಕೊಟ್ಟರು, ಮುಂದೆ ಕೆಲಸಕ್ಕೆ ಬರುವವರಿಗೆ ತಕ್ಕಷ್ಟು ಬಾಗಿಲು ಇಡಲಿಲ್ಲ.

ಹೊಸದೇನೂ ಕಂಡುಹಿಡಿಯಬೇಕಾಗಿಲ್ಲ. ರಿಜಿಸ್ಟ್ರಿ ಅಂತ 1929ರದೇ ಒಂದು ಕಾನೂನು ಇದೆ. ಇಂಥ ತಾರೀಕಿಗಿಂತ ಮೊದಲು ಬಂದು ನೆಟ್ಟಗೆ ಬಾಳಿದವರು ಗ್ರೀನ್ ಕಾರ್ಡ್ ಕೇಳಬಹುದು. ಮೊದಲು ಇಟ್ಟ ತಾರೀಕು 1921ರದು, ಅಂದರೆ ಎಂಟು ವರ್ಷದ ಹಿಂದಿನದು. ಕೊನೆಯ ಸಲ ಬದಲಾಯಿಸಿದ್ದು 1986ರಲ್ಲಿ, 1972ರ ಜನವರಿ 1ಕ್ಕೆ. ಆಮೇಲೆ ಆ ತಾರೀಕು ಅಲ್ಲಾಡಿಲ್ಲ. ಅದನ್ನು ಮುಂದಕ್ಕೆ ತಳ್ಳಿ. ಪೊಲೀಸ್ ದಾಖಲೆ ನೋಡಿ, ಬಾಕಿ ತೆರಿಗೆ ವಸೂಲು ಮಾಡಿ, ಬೇಕಾದರೆ ದಂಡ ಹಾಕಿ. ನನ್ನ ಗಿರಾಕಿಗಳು ದಂಡಕ್ಕೆ ಬೇಡ ಅನ್ನುವವರಲ್ಲ. 2013ರಲ್ಲಿ ದಂಡ, ತೆರಿಗೆ ಎಲ್ಲ ಸೇರಿಸಿದ ಒಂದು ಮಸೂದೆ ಸೆನೆಟ್‌ನಲ್ಲಿ 68-32ರಿಂದ ಪಾಸಾಗಿತ್ತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ.

ನನ್ನದೂ ಒಂದು ಮಾತು ಸುಳ್ಳಾಯಿತು. "ಐಆರ್‌ಎಸ್‌ನವರು ಇಮಿಗ್ರೇಷನ್‌ನವರಿಗೆ ಹೇಳಲ್ಲ, ಧೈರ್ಯವಾಗಿ ಫೈಲ್ ಮಾಡಿ" ಅಂತ ವರ್ಷಗಟ್ಟಲೆ ಹೇಳಿದವನು ನಾನು. 2025ರ ಏಪ್ರಿಲ್‌ನಲ್ಲಿ ಎರಡೂ ಕಡೆಯವರು ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಐಆರ್‌ಎಸ್‌ನ ಹಂಗಾಮಿ ಮುಖ್ಯಸ್ಥೆ ಕುರ್ಚಿ ಬಿಟ್ಟರು. ಆಗಸ್ಟ್‌ನಲ್ಲಿ ಸಾವಿರಾರು ಜನರ ವಿಳಾಸ ಹೋಯಿತು. ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ತಡೆ ಹಾಕಿದರು. ಹೋದ ವಿಳಾಸ ವಾಪಸ್ ಬರುತ್ತಾ?

ಈ ಮಾರ್ಚ್‌ನಲ್ಲೂ ಅವನು ಬಂದ. ರಸೀದಿ ಎಲ್ಲ ಕೂಡಿಸಿದ್ದಾಯಿತು. ಫಾರಂನಲ್ಲಿ ವಿಳಾಸದ ಜಾಗಕ್ಕೆ ಬಂದಾಗ, ಹಳೇ ಮನೆಯದೇ ಇರಲಿ ಅಂದ. ಸುಳ್ಳು ವಿಳಾಸ ಬರೆಯೋಕೆ ನನಗಾಗಲ್ಲ ಅಂದೆ. ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಶೂ ಡಬ್ಬ ಎತ್ತಿಕೊಂಡು, ಮುಂದಿನ ವಾರ ಬರ್ತೀನಿ ಅಂತ ಹೋದ. ತೆರಿಗೆ ಲೆಕ್ಕ ಕೊಡುವ ಕೊನೆಯ ದಿನ, ಏಪ್ರಿಲ್ 15, ಕಳೆಯಿತು. ಬಂದಿಲ್ಲ.