ಹತ್ತು ಕೋಳಿಗೆ ನೂರು ಡೋಸಿನ ಬಾಟ್ಲಿ

ಮಧುಗಿರಿ, ಪಾವಗಡ, ಗೌರಿಬಿದನೂರು, ಬಾಗೇಪಲ್ಲಿ ಕಡೆ ಯಾವ ಹಳ್ಳಿಗಾದ್ರೂ ಹೋಗಿ ನಾಟಿ ಕೋಳಿ ಸಾಕೋ ಹೆಂಗಸರನ್ನ ಮಾತಾಡ್ಸಿ, ಹೆಚ್ಚುಕಮ್ಮಿ ಎಲ್ಲರೂ ಒಂದೇ ಕಥೆ ಹೇಳ್ತಾರೆ. ಕೋಳಿ ಚೆನ್ನಾಗೇ ಇದ್ವು, ಬೇಸಿಗೆ ಬಂತು, ಒಂದು ತೂಕಡಿಸ್ತು, ವಾರ ಕಳೆಯೋದ್ರೊಳಗೆ ಗೂಡು ಖಾಲಿ. ಹಸಿರು ಭೇದಿ, ಬಾಯಿ ತೆರ್ಕೊಂಡು ಉಸಿರಾಡೋದು, ಕುತ್ತಿಗೆ ತಿರುಚ್ಕೊಳ್ಳೋದು, ಇದು ಕೊಕ್ಕರೆ ರೋಗ, ಡಾಕ್ಟ್ರು ರಾಣಿಖೇತ್ ಅಂತಾರೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಾದ ವೈರಸ್ಸು, ಒಂದೆರಡು ವರ್ಷದಲ್ಲೇ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲೂ ಕಾಣಿಸ್ಕೊಂಡಿತು. ಬಂದ ಮೇಲೆ ಔಷಧಿ ಇಲ್ಲ, ಮೆಡಿಕಲ್ ಶಾಪಿಂದ ಆಂಟಿಬಯಾಟಿಕ್ ತಂದು ನೀರಿಗೆ ಬೆರೆಸಿದ್ರೆ ದುಡ್ಡು ದಂಡ, ಯಾಕಂದ್ರೆ ಅದು ಬ್ಯಾಕ್ಟೀರಿಯಾಗೆ ಕೆಲಸ ಮಾಡತ್ತೆ, ವೈರಸ್ಸಿಗೆ ಅಲ್ಲ.

ಆದ್ರೆ ಲಸಿಕೆ ಇದೆ. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಎಷ್ಟೋ ದಶಕದ ಹಿಂದೆನೇ ಮಾಡಿಟ್ಟಿದ್ದು, ಈಗ ಬೆಂಗಳೂರಿನ ಹೆಬ್ಬಾಳದಲ್ಲೂ ತಯಾರಾಗತ್ತೆ, ಬೆಲೆನೂ ಕಮ್ಮಿ. ಹಾಗಿದ್ರೂ ಕೋಳಿ ಸಾಯ್ತಾನೇ ಇದಾವಲ್ಲ, ಯಾಕೆ?

ನನ್ನ ಪ್ರಕಾರ ಇದಕ್ಕೆ ದೊಡ್ಡ ಕಾರಣ ಬಾಟ್ಲಿಯ ಸೈಜು. ಈ ಲಸಿಕೆ ಒಣಗಿಸಿದ ಪುಡಿ, ಅದ್ರಲ್ಲಿರೋದು ಬಲ ಕುಗ್ಗಿಸಿದ ಜೀವಂತ ವೈರಸ್ಸು, 2ರಿಂದ 8 ಡಿಗ್ರಿ ತಂಪಲ್ಲಿ ಇಡ್ಬೇಕು, ನೀರಿಗೆ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸ್ಬೇಕು. ಚಿಕ್ಕ ಬಾಟ್ಲಿ ಅಂದ್ರೂ ಸಾಮಾನ್ಯವಾಗಿ 100 ಡೋಸು. ಸಾವಿರಾರು ಕೋಳಿ ಇರೋ ಫಾರಮ್ಮಿಗೆ ಈ ಲೆಕ್ಕ ಸರಿ. ಎಂಟು ಹೇಂಟೆ, ಒಂದು ಹುಂಜ ಇಟ್ಕೊಂಡಿರೋ ಹೆಂಗಸು ಹೋಬಳಿ ಆಸ್ಪತ್ರೆಗೆ ಹೋಗಿ ಕೇಳಿದ್ರೆ ಅಲ್ಲಿರೋರು ಒಂಬತ್ತು ಕೋಳಿಗೆ ಬಾಟ್ಲಿ ಒಡೆಯಕ್ಕೆ ಹಿಂದೆಮುಂದೆ ನೋಡ್ತಾರೆ, ಅವರ ತಪ್ಪು ಅಂತಾನೂ ಹೇಳಕ್ಕಾಗಲ್ಲ, ಮಿಕ್ಕ ತೊಂಬತ್ತೊಂದು ಡೋಸು ಚೆಲ್ಲಬೇಕು. ಇನ್ನೊಂದು ತೊಡಕು, ಆಸ್ಪತ್ರೆ ತೆಗೆದಿರೋ ಹೊತ್ತಲ್ಲಿ ಕೋಳಿ ಗೂಡಲ್ಲಿ ಇರಲ್ಲ. ತಿಪ್ಪೆ, ಹಿತ್ತಲು, ಪಕ್ಕದ ಹೊಲ ಅಂತ ಮೇಯ್ಕೊಂಡಿರ್ತಾವೆ, ಕೈಗೆ ಸಿಗೋದು ಸಂಜೆ ಗೂಡು ಸೇರಿದ ಮೇಲೆ, ಇಲ್ಲಾ ಬೆಳಗಿನ ಜಾವ.

ಇನ್ನು ಸಂತೆ. ಒಂದು ಕೋಳಿ ಮಂಕಾದ ತಕ್ಷಣ ಮಿಕ್ಕಿದ್ದನ್ನ ಮಾರಿಬಿಡೋದು ಬಡವರ ಮನೆ ಲೆಕ್ಕ, ಸತ್ತರೆ ಏನೂ ಸಿಗಲ್ಲ, ಮಾರಿದ್ರೆ ಸ್ವಲ್ಪನಾದ್ರೂ ಕೈ ಸೇರತ್ತೆ, ಅದನ್ನ ಬೈಯೋಕೆ ನಮಗೆ ಹಕ್ಕಿಲ್ಲ. ಆದ್ರೆ ವೈರಸ್ಸು ಮೈಗೆ ಸೇರಿ ಸಾಮಾನ್ಯವಾಗಿ ಐದಾರು ದಿನ ಏನೂ ತೋರಿಸಲ್ಲ, ನೋಡೋಕೆ ಗಟ್ಟಿಯಾಗಿರೋ ಕೋಳಿನೇ ರೋಗ ಹೊತ್ಕೊಂಡು ಇನ್ನೊಂದು ಊರಿಗೆ ಹೋಗತ್ತೆ. ಊರಹಬ್ಬ, ಯುಗಾದಿ ಮಾರನೇ ದಿನದ ಹೊಸತೊಡಕು ಬಂದ್ರೆ ಈ ಓಡಾಟ ಎಷ್ಟೋ ಪಟ್ಟು ಜಾಸ್ತಿ. ಕುಯ್ದ ಮೇಲೆ ಪುಕ್ಕ, ಕರುಳು ತಿಪ್ಪೆಗೆ ಎಸೀತೀವಲ್ಲ, ಅದನ್ನ ನಾಯಿ ಎಳ್ಕೊಂಡು ಹೋಗತ್ತೆ, ಊರ ಕೋಳಿ ಬಂದು ಕುಕ್ಕತ್ತೆ. ಗುಂಡಿ ತೋಡಿ ಹೂತ್ರೆ ಇದೊಂದು ದಾರಿಯಾದ್ರೂ ಮುಚ್ಚತ್ತೆ.

ಕೋಳಿ ಯೋಜನೆ ಅಂದ ತಕ್ಷಣ ತಳಿ ಬದಲಾಯಿಸೋ ಮಾತು ಬರತ್ತೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ತಂದ ಗಿರಿರಾಜ ಒಳ್ಳೇ ಕೋಳಿನೇ, ಬೇಗ ತೂಕ ಬರತ್ತೆ, ಮೊಟ್ಟೆ ಜಾಸ್ತಿ. ಆದ್ರೆ ಕಾವಿಗೆ ಕೂರಲ್ಲ, ಮತ್ತೆ ಮತ್ತೆ ಮರಿ ಕೊಂಡು ತರ್ಬೇಕು, ಮೈ ಭಾರ ಇರೋದ್ರಿಂದ ನಾಯಿ ಬಂದ್ರೆ ಹಾರಿ ತಪ್ಪಿಸ್ಕೊಳ್ಳೋದೂ ಕಷ್ಟ. ಲಸಿಕೆ ವ್ಯವಸ್ಥೆ ಇಲ್ಲದ ಊರಿಗೆ ಇಂಥ ಮರಿ ಹಂಚೋದು ನನಗಂತೂ ಅನ್ಯಾಯ ಅನ್ಸತ್ತೆ. ನಮ್ ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಅಷ್ಟೇ ಇಡತ್ತೆ ಅಂತ ಹೀಗಳೆಯೋರು, ಅದು 21 ದಿನ ಕಾವಿಗೆ ಕೂತು ಆಮೇಲೆ ಎರಡು ಮೂರು ತಿಂಗಳು ಮರಿ ಕಟ್ಕೊಂಡು ತಿರುಗತ್ತೆ, ಅಷ್ಟೂ ದಿನ ಮೊಟ್ಟೆ ನಿಲ್ಲತ್ತೆ ಅನ್ನೋದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅಷ್ಟು ಕಷ್ಟಪಟ್ಟು ಎಬ್ಬಿಸಿದ ಹತ್ತು ಮರಿಯಲ್ಲಿ ಕಾಗೆ, ಹದ್ದು, ಮುಂಗುಸಿ, ಬೆಕ್ಕಿನ ಪಾಲಾಗಿ ಉಳಿಯೋದು ಮೂರೋ ನಾಲ್ಕೋ ಆದ್ರೆ ನಷ್ಟ ಇರೋದು ಅಲ್ಲಿ. ಮೊದಲ ಮೂರ್ನಾಲ್ಕು ವಾರ ಮಂಕ್ರಿ ಕೆಳಗಿಟ್ಟು, ನುಚ್ಚು, ರಾಗಿ, ಗೆದ್ದಲು ಹಾಕಿ ಸಾಕಿದ್ರೆ ಉಳಿಯೋ ಮರಿ ಎಷ್ಟೋ ಜಾಸ್ತಿ. ಗೆದ್ದಲಲ್ಲಿ ಒಳ್ಳೇ ಪ್ರೋಟೀನ್ ಇದೆ, ನಮ್ಮಜ್ಜಿಯರು ಪುಸ್ತಕ ಓದದೇನೇ ಮಡಕೆ ಕವುಚಿ ಹಿಡೀತಿದ್ರು.

ಹಾಗಂತ ಕೋಳಿ ಸಂಖ್ಯೆ ಎಷ್ಟು ಬೇಕಾದ್ರೂ ಏರ್ಸಕ್ಕಾಗಲ್ಲ. ಒಂದು ಊರಿನ ಚೆಲ್ಲಿದ ಕಾಳು, ಹುಳ, ಅಡುಗೆಮನೆ ಮಿಕ್ಕಿದ್ದು ಇಷ್ಟೇ ಕೋಳಿ ಸಾಕತ್ತೆ ಅಂತ ಒಂದು ಮಿತಿ ಇದೆ, ಈಗ ಮನೆ ಕಣಗಳು ಹೋಗಿ ರಾಗಿ ರೋಡಲ್ಲಿ, ಮಿಷಿನ್ನಲ್ಲಿ ಒಕ್ಕಣೆ ಆಗೋದ್ರಿಂದ ಆ ಮಿತಿ ಇನ್ನೂ ಕೆಳಗೆ ಬಂದಿದೆ.

ಇದು ಸಣ್ಣ ವಿಷಯ ಅಲ್ಲ. 2019ರ ಜಾನುವಾರು ಗಣತಿ ಪ್ರಕಾರ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲ ಕೋಳಿಗಳೇ, ಮತ್ತೆ ಇವುಗಳಿಂದ ಬರೋ ದುಡ್ಡು ಹೆಚ್ಚಾಗಿ ಹೆಂಗಸರ ಕೈಯಲ್ಲೇ ಉಳಿಯೋ ದುಡ್ಡು, ಮಗು ನೋಟ್‌ಬುಕ್ಕಿಗೆ, ಜ್ವರದ ಮಾತ್ರೆಗೆ ಯಾರನ್ನೂ ಕೇಳದೆ ಖರ್ಚು ಮಾಡೋ ದುಡ್ಡು.

ಟಾಂಜಾನಿಯಾ, ಮೊಜಾಂಬಿಕ್ ಕಡೆ ಈ ಲಸಿಕೆ ತೊಡಕಿಗೆ ಒಂದು ದಾರಿ ಮಾಡ್ಕೊಂಡಿದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಐ-2 ಅನ್ನೋ ಬಿಸಿ ತಡೆಯೋ ಲಸಿಕೆ, ಕಣ್ಣಿಗೆ ಒಂದು ತೊಟ್ಟು, ವರ್ಷಕ್ಕೆ ಮೂರು ಸಲ, ಹಾಕೋರು ಊರಿನ ಜನರೇ, ಕೋಳಿಗಿಷ್ಟು ಅಂತ ಚಿಲ್ಲರೆ ತಗೋತಾರೆ. ನಮ್ಮಲ್ಲಿ ಸ್ವಸಹಾಯ ಸಂಘ ಇದಾವೆ, ದನಕರು ಕೋಳಿ ಆರೈಕೆಗೆ ತರಬೇತಿ ಪಡೆದ ಊರಿನ ಹೆಂಗಸರು, ಅಂದ್ರೆ ಪಶುಸಖಿಯರು ಇದಾರೆ, ಈಗ ಸಿಗೋ ಲಸಿಕೆಯಲ್ಲೇ ಶುರು ಮಾಡ್ಬೋದು. ಹತ್ತು ಹನ್ನೆರಡು ಮನೆ ಒಟ್ಟಾದ್ರೆ ಒಂದು ಬಾಟ್ಲಿ ಖಾಲಿ, ಐಸ್ ಹಾಕಿದ ಫ್ಲಾಸ್ಕಲ್ಲಿ ತಂದು ಸಂಜೆ ಗೂಡು ಮುಚ್ಚೋ ಹೊತ್ತಿಗೆ ಮನೆಮನೆಗೆ ಹೋಗ್ಬೇಕು. ಲಸಿಕೆ ಹಾಕಿದ ಮೇಲೆ ಕೋಳಿ ಮೈಯಲ್ಲಿ ರೋಗ ತಡೆಯೋ ಶಕ್ತಿ ಬರೋಕೆ ಎರಡು ವಾರನಾದ್ರೂ ಬೇಕು, ಅದಕ್ಕೇ ಹೊಸತೊಡಕಿನ ವ್ಯಾಪಾರ ಶುರುವಾಗೋಕೆ ಮುಂಚೆ, ಸಂಕ್ರಾಂತಿ ಕಳೆದ ತಕ್ಷಣ ಹಾಕಿಸಿ. ಆಗ್ಲೇ ತೂಕಡಿಸ್ತಿರೋ ಕೋಳಿಗೆ ಹಾಕೋದು ಬೇಡ, ಆ ಮನೆಗೆ ಕೊನೇಲಿ ಹೋಗಿ.